ಅಮ್ಮನ ಕೈಗೆ ಇನ್ನೂ ನೆನಪಿದೆ

ಮಾನ್ಯ ಆರೋಗ್ಯ ಸಚಿವರೇ,

ನಮ್ಮಮ್ಮನಿಗೆ 76 ವರ್ಷ. ನಾಲ್ಕು ವರ್ಷದಿಂದ ಡಿಮೆನ್ಷಿಯಾ. ಹೋದ ಕಾರ್ತಿಕದಲ್ಲಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ನಡೆಸಲು ಬಂದ ಫಿಸಿಯೋಥೆರಪಿಸ್ಟ್ ಮೂರೇ ದಿನಕ್ಕೆ ಕೈಚೆಲ್ಲಿದರು: “ಹೇಳಿದ್ದು ನೆನಪಿರಲ್ಲ, ವ್ಯಾಯಾಮ ಮಾಡಿಸಿ ಏನುಪಯೋಗ?” ಅವರನ್ನು ದೂರಲಾರೆ. ಅಮ್ಮ ರಾತ್ರಿಯೆಲ್ಲ ಎದ್ದು ಕೂಗುತ್ತಾರೆಂದು ಇನ್ನೊಬ್ಬ ಡಾಕ್ಟರು ನಿದ್ದೆ ಮಾತ್ರೆ ಬರೆದಿದ್ದರು. ಬೆಳಗ್ಗೆ ಹನ್ನೊಂದಾದರೂ ಮಂಪರು ಇಳಿಯುತ್ತಿರಲಿಲ್ಲ. ಮಾತ್ರೆಯ ವಿಷಯ ಫಿಸಿಯೋಥೆರಪಿಸ್ಟರಿಗೆ ಗೊತ್ತಿಲ್ಲ, ನಡಿಗೆಯ ವಿಷಯ ಡಾಕ್ಟರಿಗೆ ಗೊತ್ತಿಲ್ಲ. ಎರಡೂ ಚೀಟಿ ನನ್ನ ಚೀಲದಲ್ಲಿದ್ದವು.

ಗಂಟು ಬಿಡಿಸಿದವರು ಬೆಂಗಳೂರಿನ ಒಬ್ಬ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳ ಮೂಲಕ ಚೇತರಿಸಿಕೊಳ್ಳಲು ನೆರವಾಗುವವರು. ಬಾಡಿಗೆ ಕಾರಿನಲ್ಲಿ ಮೂರು ಗಂಟೆ ಹೋಗಿ ಕಂಡೆವು. “ಅಮ್ಮನಿಗೆ ಯಾವ ಕೆಲಸ ಇಷ್ಟವಿತ್ತು?” ಎಂದು ಕೇಳಿದ ಮೊದಲಿಗರು ಅವರೇ. ಅವರೆಕಾಯಿ ಕಾಲ ಅದು. ಅವರು ಹೇಳಿದಂತೆ ಅಡುಗೆಕಟ್ಟೆಯ ಮೇಲೆ ನೆನೆಸಿದ ಅವರೆಕಾಳಿನ ತಟ್ಟೆ ಇಟ್ಟು, ಅಮ್ಮನ ಕುರ್ಚಿಯನ್ನು ಹತ್ತಿರ ಎಳೆದೆ. “ಎದ್ದು ನಿಲ್ಲಿ” ಅಂದರೆ ತಿಳಿಯದ ಅಮ್ಮ ಕಟ್ಟೆ ಹಿಡಿದು ಎದ್ದರು, ಕಾಳು ಹಿದುಕತೊಡಗಿದರು. ಮೊದಲ ದಿನ ನಾಲ್ಕು ನಿಮಿಷ. ತಿಂಗಳು ಕಳೆಯುವಷ್ಟರಲ್ಲಿ ಇಪ್ಪತ್ತು. ನಿನ್ನೆ ಮೊನ್ನೆಯದನ್ನು ಅಳಿಸುವ ಈ ಕಾಯಿಲೆ, ಕೈಗೆ ಪಳಗಿದ ಕೆಲಸವನ್ನು ಎಷ್ಟೋ ಕಾಲ ಉಳಿಸಿರುತ್ತದೆ. ಆ ಥೆರಪಿಸ್ಟೇ ಡಾಕ್ಟರಿಗೂ ಫೋನ್ ಮಾಡಿದರು, ಮಾತ್ರೆ ಕಡಿಮೆಯಾಯಿತು. ಫಿಸಿಯೋಥೆರಪಿಸ್ಟ್ ಮತ್ತೆ ಬಂದರು. ಈಗ ಅಮ್ಮ ವಾಕರ್ ಹಿಡಿದು ಜಗುಲಿವರೆಗೆ ಬರುತ್ತಾರೆ.

ಒಂದು ಫೋನ್ ಕರೆಗೆ ಇಷ್ಟಾಯಿತು.

“ಅರವತ್ತಕ್ಕೆ ಅರಳುಮರಳು” ಎಂದು ತಳ್ಳಿಹಾಕುತ್ತಿದ್ದುದಕ್ಕೆ ಕಾಯಿಲೆಯೆಂಬ ಹೆಸರು ಸಿಗಲು ನಿಮ್ಮ ಇಲಾಖೆಯೂ ಕಾರಣ. 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ತೆರೆಯಿತು. ಅದಕ್ಕೆ ಋಣಿ. ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂಬ ಅಂದಾಜಿದೆ. ಗುರುತಿಸಿದ ಮೇಲೆ ಮುಂದೇನು? ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ಪುನಶ್ಚೇತನ ಸೇವೆಗಳ ಪಟ್ಟಿಯಲ್ಲಿ ಡಿಮೆನ್ಷಿಯಾಕ್ಕೂ ಜಾಗವಿದೆ.

ನನ್ನ ಬೇಡಿಕೆ ಇಷ್ಟೇ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಡಾಕ್ಟರು, ನರ್ಸ್, ಫಿಸಿಯೋಥೆರಪಿಸ್ಟ್, ಆಕ್ಯುಪೇಶನಲ್ ಥೆರಪಿಸ್ಟ್, ಮಾತು ಮತ್ತು ನುಂಗುವಿಕೆ ನೋಡುವವರು, ಸಮಾಜ ಕಾರ್ಯಕರ್ತರು ಒಂದೇ ಮೇಜಿನ ಸುತ್ತ ಕೂರಲಿ. ನಮ್ಮನ್ನೂ ಕೂರಿಸಿಕೊಳ್ಳಲಿ, ರಾತ್ರಿ ಏನಾಗುತ್ತದೆಂದು ತಿಳಿದಿರುವುದು ನಮಗೇ. ಎಲ್ಲರೂ ಒಂದೇ ಪುಸ್ತಕದಲ್ಲಿ ಬರೆಯಲಿ. ಆಕ್ಯುಪೇಶನಲ್ ಥೆರಪಿಸ್ಟ್ ಹುದ್ದೆಗಳಿಗೆ ಮುಂದಿನ ಬಜೆಟ್ಟಿನಲ್ಲೇ ಹಣ ತೆಗೆದಿಡಿ. ಬರುವ ಅವರೆಕಾಯಿ ಕಾಲಕ್ಕೆ ಅಮ್ಮನಿಗೆ 77 ತುಂಬಿರುತ್ತದೆ.

ಇಂತಿ,
ಮನೆಯಲ್ಲೇ ಅಮ್ಮನನ್ನು ನೋಡಿಕೊಳ್ಳುತ್ತಿರುವ ಮಗಳು