ಕರೆಯದೆ ಬಂದ ಅರ್ಜಿ

ಸಂಘಗಳು ಕಳಿಸುವ ಇ-ಮೇಲಿಗೆ ಸರ್ಕಾರಿ ಕಚೇರಿಗಳಿಂದ ಉತ್ತರವಿಲ್ಲ. ಹೋಗಿ ಕೇಳಿದರೆ, ಕಳಿಸಿರೆಂದು ನಿಮ್ಮನ್ನು ಕೇಳಿದವರಾರು ಎಂಬ ಮರುಪ್ರಶ್ನೆ! ಪ್ರಜೆಗಳ ಅಹವಾಲಿಗೆ ಯಾವ ಸರ್ಕಾರ ಎಂದು ಕರೆಯೋಲೆ ಕಳಿಸಿತ್ತು, ಸ್ವಾಮಿ? ಮಿಲ್ಲಿನ ಮಾಲೀಕ ಪಿ.ಎಫ್. ಕಟ್ಟಿಲ್ಲವೆಂದು, ಚರಂಡಿ ನೀರು ಅಂಗಡಿಗೆ ನುಗ್ಗಿತೆಂದು ತಿಳಿಸಲು ಆಮಂತ್ರಣ ಬೇಕೆ?

ಇದನ್ನು ಬರಿಯ ಸೋಮಾರಿತನವೆಂದು ನಾವು ನಂಬುವುದಿಲ್ಲ. ಕಾನೂನೇ ಕಿಂಡಿ ಬಿಟ್ಟಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಮು ವಿದ್ಯುನ್ಮಾನ ದಾಖಲೆಗೆ ಕಾಗದದ ಮಾನ್ಯತೆ ಕೊಟ್ಟಿತು. ಆದರೆ ಇಲಾಖೆ ಅದನ್ನು ಆ ರೂಪದಲ್ಲೇ ಸ್ವೀಕರಿಸಬೇಕೆಂದು ಒತ್ತಾಯಿಸುವ ಹಕ್ಕು ಇದರಿಂದ ಯಾರಿಗೂ ಬರದು ಎಂದು 9ನೇ ಕಲಮು ಹೇಳಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡದ್ದು!

ಕಾಗದದ ಅರ್ಜಿಗೆ ಟಪಾಲು ಶಾಖೆಯಲ್ಲಿ ಮೊಹರು ಬೀಳುತ್ತದೆ, ಆವಕ ಸಂಖ್ಯೆ ಸಿಗುತ್ತದೆ. ಅದಕ್ಕಾಗಿ ಕಾರ್ಮಿಕ ಅರ್ಧ ದಿನದ ಕೂಲಿ ಕಳೆದುಕೊಳ್ಳಬೇಕು, ವರ್ತಕ ಅಂಗಡಿ ಮುಚ್ಚಬೇಕು. ಆ ನಷ್ಟ ತಪ್ಪಿಸುವ ಇ-ಮೇಲಿಗೆ ಮೊಹರೂ ಇಲ್ಲ, ಸಂಖ್ಯೆಯೂ ಇಲ್ಲ. 2011ರ ಸಕಾಲ ಕಾಯ್ದೆಯಲ್ಲಿ ತಡವಾದರೆ ದಿನಕ್ಕೆ 20 ರೂ.ನಂತೆ 500 ರೂ.ವರೆಗೆ ಪರಿಹಾರವುಂಟು, ಅದೂ ಪಟ್ಟಿಯಲ್ಲಿರುವ ಸೇವೆಗಳಿಗೆ ಮಾತ್ರ. ಸಂಘದ ಅಹವಾಲು ಯಾವ ಪಟ್ಟಿಯಲ್ಲಿದೆ?

ಗುಮಾಸ್ತನ ಮೇಲೆ ನಮಗೆ ಸಿಟ್ಟಿಲ್ಲ. ಖಾಲಿ ಹುದ್ದೆ ತುಂಬದೆ ಅವನಿಂದ ಮೂರು ಮೇಜಿನ ಕೆಲಸ ಮಾಡಿಸುವವರು ಮೇಲಿದ್ದಾರೆ. ನಮ್ಮ ಬೇಡಿಕೆ ಅವರಿಗೆ: ಬಂದ ಪ್ರತಿ ಇ-ಮೇಲಿಗೂ ಅಂದೇ ಆವಕ ಸಂಖ್ಯೆ ಕೊಡಿ, 30 ದಿನದೊಳಗೆ ಹಿಂಬರಹ ಕೊಡಿ, ತಪ್ಪಿದ ಅಧಿಕಾರಿಗೆ ದಂಡ ಹಾಕಿ.

ಅಲ್ಲಿಯವರೆಗೆ ಬಂಧುಗಳೇ, ಕೈಕಟ್ಟಿ ಕೂರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಇಂಥ ತಾರೀಖಿನ ನಮ್ಮ ಇ-ಮೇಲಿನ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ ಎಂದು, 10 ರೂ. ಶುಲ್ಕ ಕಟ್ಟಿ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯವಿರಲಿ, 150 ಪದ ಮೀರದಿರಲಿ. 30 ದಿನದಲ್ಲಿ ಉತ್ತರ ಬರದಿದ್ದರೆ ನಿರಾಕರಿಸಿದಂತೆಯೇ ಲೆಕ್ಕ, ಮೇಲ್ಮನವಿ ಹಾಕಿ. ಸಕಾರಣವಿಲ್ಲದೆ ತಡಮಾಡಿದ ಮಾಹಿತಿ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂ.ನಂತೆ 25,000 ರೂ.ವರೆಗೆ ದಂಡ ವಿಧಿಸಬಹುದು. ಸಂಘದ ಹೆಸರಿನಲ್ಲಿ ಮಾತ್ರ ಬರೆಯಬೇಡಿ. ಈ ಹಕ್ಕು ಇರುವುದು ನಾಗರಿಕನಿಗೆ, ಸಂಘ ನಾಗರಿಕನಲ್ಲವೆಂದು ಅರ್ಜಿಯನ್ನು ಹಿಂದಿರುಗಿಸಿಬಿಡುತ್ತಾರೆ. ಸದಸ್ಯರೊಬ್ಬರು ಸ್ವಂತ ಹೆಸರಿನಲ್ಲಿ ರುಜು ಹಾಕಲಿ.