ಈಜು ಉಡುಪು: ಟಾಪ್ ಬೇರೆ, ಪ್ಯಾಂಟ್ ಬೇರೆ



ಬೇಸಿಗೆ ರಜೆ ಬಂತೆಂದರೆ ಗಂಡು ಮಕ್ಕಳನ್ನು ಈಜು ತರಬೇತಿಗೆ ಸೇರಿಸುತ್ತೇವೆ. ಹೆಣ್ಣು ಮಗಳೂ ತನ್ನನ್ನು ಸೇರಿಸುವಂತೆ ಹಟ ಹಿಡಿದರೆ ಏಳೆಂಟು ವರ್ಷದವರೆಗೆ "ಆಯ್ತು, ಹೋಗು" ಎನ್ನುತ್ತೇವೆ. ಹತ್ತು ದಾಟಿತೋ, "ಇನ್ನು ಬೇಡಮ್ಮಾ" ಎಂದು ಮಾತು ಮುಗಿಸಿಬಿಡುತ್ತೇವೆ. ಯಾಕೆ ಬೇಡ ಎಂದು ಅವಳು ಕೇಳಿದರೆ ಹೆಚ್ಚಿನ ತಾಯಂದಿರ ಬಳಿ ಇರುವ ಉತ್ತರ ಒಂದೇ: ಆ ಉಡುಪು ನಮಗೆ ಸರಿಹೋಗದು.

ಉತ್ತರದಲ್ಲಿ ತಪ್ಪಿಲ್ಲ. ಅಂಗಡಿಯ ಗಾಜಿನ ಹಿಂದೆ ನೇತು ಹಾಕಿರುವ ಉಡುಪನ್ನು ತೊಟ್ಟು ಮಗಳು ಎಲ್ಲರೆದುರು ನಿಲ್ಲುವುದು ಯಾವ ತಾಯಿಗೂ ಹಿಡಿಸದು. ಆದರೆ ಒಂದು ಉಡುಪು ಬೇಡವಾದುದಕ್ಕೆ ಒಂದು ವಿದ್ಯೆಯನ್ನೇ ಬಿಟ್ಟುಬಿಡಬೇಕೇ? ಈಜು ಕಲಿಯುವುದನ್ನು ವ್ಯರ್ಥ ಆಟಗಳಿಂದ ಬೇರ್ಪಡಿಸಿ, ಒಳ್ಳೆಯ ಕೆಲಸಗಳ ಸಾಲಿಗೆ ಸೇರಿಸಿದ ಹದೀಸ್ ಇಮಾಮ್ ನಸಾಈಯವರ ಸಂಗ್ರಹದಲ್ಲಿದೆ. ಪ್ರವಾದಿವರ್ಯರು (ಸ) ತಮ್ಮ ಪತ್ನಿ ಆಯಿಶಾರೊಂದಿಗೆ (ರ) ಓಟದ ಸ್ಪರ್ಧೆ ನಡೆಸಿದ ಪ್ರಸಂಗವನ್ನಂತೂ ನೀವೆಲ್ಲ ಕೇಳಿದ್ದೀರಿ. ಹೆಣ್ಣಿನ ದೇಹಕ್ಕೂ ವ್ಯಾಯಾಮ ಬೇಕು, ಹೆಣ್ಣಿನ ಜೀವಕ್ಕೂ ರಕ್ಷಣೆ ಬೇಕು.

ಜೀವದ ಮಾತನ್ನು ಸುಮ್ಮನೆ ಎತ್ತಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2021ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ನಮ್ಮ ಕರಾವಳಿಯಲ್ಲಿ ಅಂಗಳದ ಬಾವಿ, ತೋಟದ ಕೆರೆ, ಮನೆ ಹಿಂದಿನ ತೋಡು, ಆಚೆಗೆ ಹೊಳೆ, ಅದರಾಚೆಗೆ ಕಡಲು. ಹೀಗೆ ನಾಲ್ಕೂ ಕಡೆ ನೀರಿಟ್ಟುಕೊಂಡು ಬದುಕುವವರು ನಾವು. ಮಗು ಬಿದ್ದಾಗ ಪಕ್ಕದಲ್ಲಿರುವವಳು ಹೆಚ್ಚಾಗಿ ತಾಯಿಯೇ. ಆ ತಾಯಿಗೆ ಈಜು ಬಾರದಿದ್ದರೆ?

ಇನ್ನೊಂದು ವಿಷಯವನ್ನೂ ಯೋಚಿಸಿ. ರಜೆಯಲ್ಲಿ ಕುಟುಂಬ ಸಮೇತ ಕಡಲ ತೀರಕ್ಕೆ ಹೋದಾಗ ನಾವು ಬುರ್ಖಾದಲ್ಲೇ ಮೊಣಕಾಲವರೆಗೆ ನೀರಿಗಿಳಿಯುತ್ತೇವೆ. ಉದ್ದದ ಬಟ್ಟೆ ನೀರು ಹೀರಿದೊಡನೆ ಭಾರವಾಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಅಲೆ ಹಿಂದಕ್ಕೆ ಸರಿಯುವಾಗ ಅದೇ ಬಟ್ಟೆ ಹಿಡಿದು ಎಳೆದಂತಾಗುತ್ತದೆ. ಎದ್ದು ನಿಂತರೆ ಮೈಗಂಟಿಕೊಂಡು, ಯಾವ ಮರೆಗಾಗಿ ತೊಟ್ಟೆವೋ ಆ ಮರೆಯೂ ಉಳಿಯುವುದಿಲ್ಲ. ನೆಲದ ಮೇಲೆ ಸಭ್ಯವಾದ ಉಡುಪು ನೀರಿನಲ್ಲೂ ಸಭ್ಯವಾಗಿರುತ್ತದೆ ಎಂದು ಹೇಳಲಾಗದು. ನೀರಿಗೆ ನೀರಿನದೇ ಉಡುಪು ಬೇಕು.

ಅಂಥ ಉಡುಪು ಇಂದು ಇದೆ. ಲೆಬನಾನಿನಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ಬೆಳೆದ ಅಹೆದಾ ಝನೆಟ್ಟಿ ಎಂಬ ಮಹಿಳೆ 2004ರಲ್ಲಿ ಸಿಡ್ನಿಯಲ್ಲಿ 'ಬುರ್ಕಿನಿ'ಯನ್ನು ರೂಪಿಸಿದರು. ಶಿರವಸ್ತ್ರ ಮತ್ತು ದಪ್ಪ ಬಟ್ಟೆ ತೊಟ್ಟು ನೆಟ್‌ಬಾಲ್ ಆಡಲು ಒದ್ದಾಡುತ್ತಿದ್ದ ತಮ್ಮ ಸೋದರಿಯ ಮಗಳನ್ನು ಕಂಡಾಗ ಮೊದಲು ಆಟದ ಉಡುಪಿನ, ಆಮೇಲೆ ಈಜಿನ ಉಡುಪಿನ ಯೋಚನೆ ಅವರಿಗೆ ಬಂತು. 2007ರಲ್ಲಿ ಮೆಕ್ಕಾ ಲಾಲಾ ಎಂಬ ಯುವತಿ ಕೆಂಪು-ಹಳದಿ ಬಣ್ಣದ ಬುರ್ಕಿನಿ ತೊಟ್ಟು ಸಿಡ್ನಿಯ ಕಡಲ ತೀರದಲ್ಲಿ ಜೀವರಕ್ಷಕಿಯಾಗಿ ನಿಂತರು. 2016ರ ಬೇಸಿಗೆಯಲ್ಲಿ ಫ್ರಾನ್ಸಿನ ಕೆಲವು ಪಟ್ಟಣಗಳು ಇದೇ ಉಡುಪನ್ನು ಕಡಲ ತೀರದಲ್ಲಿ ನಿಷೇಧಿಸಿದಾಗ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಆಗಸ್ಟ್ 26ರಂದು ಒಂದು ಪಟ್ಟಣದ ನಿಷೇಧವನ್ನು ತಡೆಹಿಡಿಯಿತು. ಅಲ್ಲಿನ ವಿವಾದ ಅಲ್ಲಿರಲಿ. ನಮಗೆ ಬೇಕಾದುದು ಆ ಉಡುಪಿನ ರಚನೆ. ಅದು ಒಂದೇ ಉಡುಪಲ್ಲ. ಮೇಲೊಂದು ಉದ್ದದ ಟಾಪ್, ಕೆಳಗೊಂದು ಪ್ಯಾಂಟ್, ತಲೆಗೊಂದು ಟೊಪ್ಪಿ. ಇವು ಬಿಡಿಬಿಡಿಯಾಗಿಯೂ ಸಿಗುತ್ತವೆ. ಬಿಡಿಯಾಗಿ ಕೊಳ್ಳುವುದೇ ಹೆಚ್ಚಿನವರಿಗೆ ಲಾಭ.

ಯಾಕೆಂದರೆ ನಮ್ಮ ಮೈ ಒಂದೇ ಅಳತೆಯದ್ದಲ್ಲ. ಎರಡು ಹೆತ್ತ ಮೇಲೆ ಸೊಂಟಕ್ಕೆ ಒಂದು ಅಳತೆ, ಹೆಗಲಿಗೆ ಇನ್ನೊಂದು. ಇಡಿಯಾಗಿ ಹೊಲಿದ ಉಡುಪು ಎತ್ತರದವರಿಗೆ ಹೆಗಲಲ್ಲಿ ಜಗ್ಗುತ್ತದೆ, ಕುಳ್ಳಗಿರುವವರಿಗೆ ಸೊಂಟದಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ಶೌಚಕ್ಕೆ ಹೋಗಬೇಕಾದರೆ ಒದ್ದೆ ಉಡುಪನ್ನು ಪೂರ್ತಿ ಕಳಚಬೇಕು. ಟಾಪ್, ಪ್ಯಾಂಟ್ ಬೇರೆಬೇರೆಯಾದರೆ ಈ ತೊಂದರೆ ಇಲ್ಲ. ಖರ್ಚೂ ಕಡಿಮೆ. ಬೆಳೆಯುವ ಹುಡುಗಿಗೆ ಪ್ಯಾಂಟ್ ಗಿಡ್ಡವಾದರೆ ಪ್ಯಾಂಟ್ ಮಾತ್ರ ಕೊಂಡರಾಯಿತು. ಕೊಳದ ಒರಟು ಅಂಚಿನಲ್ಲಿ ಕುಳಿತೂ ಎದ್ದೂ ಮೊದಲು ಸವೆಯುವುದು ಪ್ಯಾಂಟಿನ ಹಿಂಭಾಗವೇ. ಎರಡು ಟಾಪ್ ಮತ್ತು ಎರಡು ಪ್ಯಾಂಟ್ ಇದ್ದರೆ ನಾಲ್ಕು ಜೋಡಿ ಉಡುಪು ಇದ್ದಂತೆ.

ಇನ್ನು ಟಾಪ್ ಆಯುವ ಬಗೆ. ಉದ್ದ ಅರ್ಧ ತೊಡೆಯಿಂದ ಮೊಣಕಾಲಿನ ತುಸು ಮೇಲಿನವರೆಗಿದ್ದರೆ ಸಾಕು. ಮೊಣಕಾಲನ್ನು ದಾಟಿದರೆ ಕಾಲು ಬಡಿಯಲು ತಡೆಯಾಗುತ್ತದೆ. ಉದ್ದವೇ ಬೇಕೆನ್ನುವವರು ಎರಡೂ ಬದಿಯಲ್ಲಿ ಸೀಳು ಇರುವುದನ್ನು ಆಯಲಿ, ಕೆಳಗೆ ಪೂರ್ತಿ ಪ್ಯಾಂಟ್ ಇರುವುದರಿಂದ ಮರೆಗೆ ಕೊರತೆಯಾಗದು. ತೋಳು ಮಣಿಕಟ್ಟಿನಲ್ಲಿ ಹಿಡಿದಿರಬೇಕು. ಅಗಲದ ತೋಳಿನೊಳಗೆ ನೀರು ತುಂಬಿದರೆ ಕೈ ಎತ್ತುವುದೇ ಕಷ್ಟ. ಕುತ್ತಿಗೆಯ ಜಿಪ್ ಚರ್ಮಕ್ಕೆ ತಾಗದಂತೆ ಒಳಗೊಂದು ಪಟ್ಟಿ ಇದೆಯೇ ನೋಡಿ. ಎದೆಯ ಭಾಗಕ್ಕೆ ಲೈನಿಂಗ್ ಇರಲೇಬೇಕು.

ಪ್ಯಾಂಟಿಗೆ ಇಲಾಸ್ಟಿಕ್ ಮಾತ್ರ ಸಾಲದು, ಲಾಡಿಯೂ ಬೇಕು. ಈಜು ಬಟ್ಟೆ ಒದ್ದೆಯಾದೊಡನೆ ಸ್ವಲ್ಪ ಸಡಿಲವಾಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ತುಸು ಬಿಗಿ ಎನಿಸಿದ್ದೇ ನೀರಿನಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಉಸಿರು ಕಟ್ಟುವಷ್ಟು ಬಿಗಿ ಬೇಡ. ಲಾಡಿಯ ಗಂಟನ್ನು ಒಳಕ್ಕೆ ಸಿಕ್ಕಿಸಿ, ಹೊರಗೆ ಜೋತಾಡಲು ಬಿಡಬೇಡಿ. ಪ್ಯಾಂಟಿಗೇ ಗಿಡ್ಡ ಲಂಗ ಹೊಲಿದಿರುವ ಮಾದರಿಯೂ ಉಂಟು. ಗಿಡ್ಡ ಟಾಪ್ ಇಷ್ಟಪಡುವವರಿಗೆ ಅದು ಒಳ್ಳೆಯ ಜೋಡಿ.

ಎರಡನ್ನು ಜೋಡಿಸುವಾಗ ಮರೆಯಬಾರದ ಮಾತೊಂದಿದೆ. ನೀರಿಗೆ ಧುಮುಕಿದೊಡನೆ ಟಾಪ್ ಮೇಲಕ್ಕೆ ತೇಲಿ ಹೊಟ್ಟೆ, ಬೆನ್ನು ಕಾಣತೊಡಗುತ್ತದೆ. ಬಿಡಿ ಉಡುಪಿನ ದೊಡ್ಡ ದೋಷ ಇದೇ. ಇದಕ್ಕಾಗಿ ಟಾಪಿನ ಒಳಗಡೆ ಪುಟ್ಟ ಕುಣಿಕೆಗಳಿರುತ್ತವೆ, ಅವನ್ನು ಪ್ಯಾಂಟಿನ ಲಾಡಿಗೆ ಕಟ್ಟಬೇಕು. ನೀವು ಕೊಂಡ ಟಾಪಿನಲ್ಲಿ ಇಲ್ಲದಿದ್ದರೆ ಮನೆಯಲ್ಲೇ ಎರಡು ಬದಿಗೆ, ಮುಂದಕ್ಕೆ ಒಂದೊಂದು ಕುಣಿಕೆ ಹೊಲಿದುಕೊಳ್ಳಿ. ಹತ್ತು ನಿಮಿಷದ ಕೆಲಸ. ಪಿನ್ನು ಮಾತ್ರ ಚುಚ್ಚಬೇಡಿ, ಅದು ತುಕ್ಕು ಹಿಡಿಯುತ್ತದೆ, ಮೈಗೂ ಚುಚ್ಚುತ್ತದೆ.

ಬಟ್ಟೆಯ ವಿಷಯದಲ್ಲಿ ಟಾಪ್, ಪ್ಯಾಂಟ್ ಎರಡೂ ಒಂದೇ ಜಾತಿಯದ್ದಾಗಿರಲಿ. ಕೆಳಗೆ ಲೈಕ್ರಾ ಪ್ಯಾಂಟ್ ತೊಟ್ಟು ಮೇಲೆ ಮನೆಯ ಹತ್ತಿ ಚೂಡಿದಾರ್ ಹಾಕಿಕೊಂಡರೆ ಪ್ರಯೋಜನವಿಲ್ಲ. ಹತ್ತಿ ನೀರು ಕುಡಿದು ಭಾರವಾಗುತ್ತದೆ. ಅದರ ನೂಲಿನ ಎಳೆಗಳು ಕೊಳದ ಶೋಧಕದಲ್ಲಿ ಸಿಕ್ಕಿಕೊಳ್ಳುವುದರಿಂದ ಅನೇಕ ಈಜುಕೊಳಗಳಲ್ಲಿ ಹತ್ತಿ ಬಟ್ಟೆಗೆ ಪ್ರವೇಶವೇ ಇಲ್ಲ. ನೈಲಾನ್-ಲೈಕ್ರಾ ಮೃದು, ಚೆನ್ನಾಗಿ ಹಿಗ್ಗುತ್ತದೆ, ಆದರೆ ಕ್ಲೋರಿನ್ ನೀರಿನಲ್ಲಿ ಬೇಗ ಸೋಲುತ್ತದೆ. ಪಾಲಿಯೆಸ್ಟರ್ ಹೆಚ್ಚಿರುವ ಬಟ್ಟೆ ಹೆಚ್ಚು ಕಾಲ ಬಾಳುತ್ತದೆ. ದಿನವೂ ಈಜುವವರು ಎರಡನೆಯದನ್ನೇ ಆಯಲಿ.

ಬಣ್ಣದಲ್ಲಿ ತಾಯಂದಿರು ತುಸು ಜಾಣತನ ತೋರಬೇಕು. ತಿಳಿ ಬಣ್ಣ ಒದ್ದೆಯಾದರೆ ಪಾರದರ್ಶಕವಾಗುತ್ತದೆ, ಹಾಗಾಗಿ ಬಿಳಿ, ತಿಳಿ ಹಳದಿ, ತಿಳಿ ಗುಲಾಬಿ ಬೇಡ. ಹಾಗೆಂದು ಮುಡಿಯಿಂದ ಅಡಿಯವರೆಗೆ ಕಪ್ಪು ಅಥವಾ ನೀಲಿ ತೊಡಿಸಿದರೆ ನೀರಿನೊಳಗೆ ಮಗು ಕಣ್ಣಿಗೆ ಬೀಳುವುದಿಲ್ಲ. ಪ್ಯಾಂಟ್ ಕಪ್ಪೋ ಕಡುನೀಲಿಯೋ ಇರಲಿ. ಟಾಪ್ ದಪ್ಪ ಬಟ್ಟೆಯ ಕಡುಗೆಂಪೋ ಕಿತ್ತಳೆಯೋ ಆಗಲಿ, ತಲೆಯ ಟೊಪ್ಪಿಯಂತೂ ಎದ್ದು ಕಾಣುವ ಬಣ್ಣದ್ದೇ ಆಗಲಿ. ದಡದಲ್ಲಿ ಕುಳಿತವರ ಕಣ್ಣಿಗೆ ಮೊದಲು ಕಾಣುವುದು ತಲೆ ಮತ್ತು ಹೆಗಲು. ಮರೆಯೂ ಆಯಿತು, ಕಾವಲೂ ಆಯಿತು. ಇಡಿ ಉಡುಪಿನಲ್ಲಿ ಈ ಅನುಕೂಲ ಸುಲಭಕ್ಕೆ ಸಿಗದು.

ತಲೆಗೆ ಮೊದಲು ಕೂದಲನ್ನು ಹಿಡಿದಿಡುವ ಈಜು ಟೊಪ್ಪಿ, ಅದರ ಮೇಲೆ ಕುತ್ತಿಗೆ ಮುಚ್ಚುವ ಬಿಗಿ ಶಿರವಸ್ತ್ರ. ದುಪಟ್ಟಾ, ಶಾಲು ಸುತ್ತಿಕೊಂಡು ನೀರಿಗಿಳಿಯಬೇಡಿ. ಅದು ಕುತ್ತಿಗೆಗೆ ಉರುಳಾಗಬಹುದು. ಬಳೆ, ಸರಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಕೊಳ್ಳುವ ಮುನ್ನ ಮೂರು ಪರೀಕ್ಷೆ ಮಾಡಿ. ಬಟ್ಟೆಯನ್ನು ಎರಡೂ ಕೈಯಿಂದ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ, ಆಚೆ ಬದಿ ಕಂಡರೆ ಬಿಟ್ಟುಬಿಡಿ. ತೊಟ್ಟುಕೊಂಡು ಬಗ್ಗಿ, ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ಮೇಲಕ್ಕೆತ್ತಿ ನೋಡಿ, ಸೊಂಟದಲ್ಲಿ ಟಾಪೂ ಪ್ಯಾಂಟೂ ಬೇರಾಗಬಾರದು. ಮನೆಗೆ ತಂದ ಮೇಲೆ ಮೊದಲು ಬಚ್ಚಲಲ್ಲಿ ತೊಟ್ಟು ಮೈಮೇಲೆ ನೀರು ಹೊಯ್ದುಕೊಂಡು ಕನ್ನಡಿ ಮುಂದೆ ನಿಲ್ಲಿ. ಒದ್ದೆಯಾದ ಮೇಲೆ ಉಡುಪು ಹೇಗೆ ಕಾಣುತ್ತದೆ ಎಂಬುದು ನಿಮಗೇ ಮೊದಲು ಗೊತ್ತಾಗಲಿ, ಬೇರೆಯವರಿಗಲ್ಲ.

ನಿಮ್ಮೂರಿನ ಅಂಗಡಿಯಲ್ಲಿ ಸಿಗದಿದ್ದರೆ ಹೊಲಿಸಬಹುದು. ಹಿಗ್ಗುವ ಬಟ್ಟೆಗೆ ಮೊನೆ ಗುಂಡಾಗಿರುವ ಸೂಜಿ, ಪಾಲಿಯೆಸ್ಟರ್ ನೂಲು, ಅಂಕುಡೊಂಕು ಹೊಲಿಗೆ ಬೇಕೆಂದು ದರ್ಜಿಗೆ ಹೇಳಿ. ನೇರ ಹೊಲಿಗೆ ಹಿಗ್ಗಿದೊಡನೆ ತುಂಡಾಗುತ್ತದೆ, ಹತ್ತಿಯ ನೂಲು ನೀರಿನಲ್ಲಿ ಬೇಗ ಲಡ್ಡಾಗುತ್ತದೆ.

ಬಾಳಿಕೆಯ ಗುಟ್ಟು ಸಣ್ಣದು. ಕೊಳಕ್ಕಿಳಿಯುವ ಮೊದಲೇ ಉಡುಪು ಸಮೇತ ಸಾದಾ ನೀರಿನಲ್ಲಿ ನೆನೆಯಿರಿ. ಒಮ್ಮೆ ತುಂಬಿಕೊಂಡ ಬಟ್ಟೆ ಕ್ಲೋರಿನ್ ನೀರನ್ನು ಕಡಿಮೆ ಹೀರುತ್ತದೆ. ಬಂದ ಮೇಲೆ ತಣ್ಣೀರಲ್ಲಿ ಜಾಲಾಡಿ, ಹಿಂಡದೆ, ಟವೆಲಿನಲ್ಲಿ ಒತ್ತಿ ನೆರಳಲ್ಲಿ ಹರವಿ. ಬಿಸಿನೀರು, ಬ್ಲೀಚು, ಇಸ್ತ್ರಿ ಯಾವುದೂ ಬೇಡ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮರೆಯುವುದಂತೂ ಬೇಡವೇ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಮೈ ಮುಚ್ಚಿತು ಎಂದ ಮಾತ್ರಕ್ಕೆ ಎಲ್ಲವೂ ಸರಿಯಾಯಿತು ಎಂದುಕೊಳ್ಳಬೇಡಿ. ಎಂಥ ಒಳ್ಳೆಯ ಬಟ್ಟೆಯೂ ಒದ್ದೆಯಾದಾಗ ಮೈಗೆ ಹತ್ತುತ್ತದೆ. ಆದ್ದರಿಂದ ಮಹಿಳೆಯರಿಗೇ ಮೀಸಲಾದ ಸಮಯ ಮತ್ತು ಮಹಿಳಾ ತರಬೇತುದಾರರಿರುವ ಕೊಳ ನಮ್ಮ ಮೊದಲ ಆಯ್ಕೆಯಾಗಿರಲಿ. ನಿಮ್ಮೂರ ಕೊಳದಲ್ಲಿ ಅಂಥ ಸಮಯ ಇಲ್ಲವೇ? ಹತ್ತಿಪ್ಪತ್ತು ತಾಯಂದಿರು ಸೇರಿ ಒಂದು ಅರ್ಜಿ ಬರೆದುಕೊಡಿ. ಕೇಳದೆ ಯಾರೂ ಕೊಡುವುದಿಲ್ಲ. ಮಹಿಳೆಯರೇ ಇರುವಲ್ಲೂ ಹೊಕ್ಕುಳಿನಿಂದ ಮೊಣಕಾಲಿನವರೆಗೆ ಮರೆಯಿರಬೇಕೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಲ್ಲಿಗೆ ಮೊಣಕಾಲು ಮುಚ್ಚುವ ಪ್ಯಾಂಟ್ ಮತ್ತು ಗಿಡ್ಡ ಟಾಪ್ ಸಾಕಾಗುತ್ತದೆ. ಕುಟುಂಬದೊಂದಿಗೆ ಕಡಲಿಗೆ ಹೋಗುವಾಗ ಪೂರ್ತಿ ಪ್ಯಾಂಟ್, ಉದ್ದ ಟಾಪ್, ನೀರಿನಿಂದ ಎದ್ದೊಡನೆ ಹೊದೆಯಲು ಕೈಗೆಟುಕುವಲ್ಲಿ ಒಂದು ಅಗಲದ ಮೇಲಂಗಿ.

ಉಡುಪು ಎಷ್ಟೇ ಒಳ್ಳೆಯದಿರಲಿ, ಅದು ಯಾರನ್ನೂ ತೇಲಿಸುವುದಿಲ್ಲ. ತೇಲಿಸುವುದು ಕಲಿತ ವಿದ್ಯೆ, ಉಳಿಸುವವನು ಅಲ್ಲಾಹನು. ಈಜು ಬಂದರೂ ಮಳೆಗಾಲದ ಕಡಲಿಗೆ ಇಳಿಯಬಾರದು, ಒಂಟಿಯಾಗಿ ಹೊಳೆಗೆ ಹೋಗಬಾರದು ಎಂಬುದನ್ನು ಮಕ್ಕಳಿಗೆ ಕಲಿಸಿ. ಆದರೆ ಈ ಸಲ ಮಗಳು ಬಂದು ಕೇಳಿದಾಗ "ಆ ಉಡುಪು ನಮಗೆ ಸರಿಹೋಗದು" ಎಂದಷ್ಟೇ ಹೇಳಿ ಕಳಿಸಬೇಡಿ. ಸರಿಹೋಗುವುದನ್ನು ಹುಡುಕಿ ಕೊಡಿ. ಸಾಧ್ಯವಾದರೆ ಅವಳ ಜೊತೆ ನೀವೂ ನೀರಿಗಿಳಿಯಿರಿ. ಕಲಿಯಲು ನಾಲ್ವತ್ತು ದಾಟಿದ್ದೇನೂ ಅಡ್ಡಿಯಲ್ಲ.

ಅಲ್ಲಾಹನು ನಮ್ಮ ಮಕ್ಕಳ ಲಜ್ಜೆಯನ್ನೂ ಜೀವವನ್ನೂ ಕಾಪಾಡಲಿ. ಆಮೀನ್.