ಉದ್ಯೋಗಕಡಿತ ಮತ್ತು ಪೂರ್ವಾನುಮತಿ

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಕಾರ್ಮಿಕರನ್ನು ಕಡಿತಗೊಳಿಸಲು ಸರ್ಕಾರದ ಪೂರ್ವಾನುಮತಿಯನ್ನು ಪಡೆಯಲೇಬೇಕಾದ ಕಾರ್ಖಾನೆಗಳ ಕಾರ್ಮಿಕಸಂಖ್ಯೆಯ ಮಿತಿಯನ್ನು 100ರಿಂದ 300ಕ್ಕೆ ಏರಿಸಿದೆ. ಒಂದು ವರ್ಷ ಎಡೆಬಿಡದೆ ದುಡಿದವನಿಗೆ ಒಂದು ತಿಂಗಳ ಮುನ್ಸೂಚನೆಯನ್ನೋ ಅದಕ್ಕೆ ಬದಲಾಗಿ ವೇತನವನ್ನೋ ಕೊಡಬೇಕು, ಸೇವೆಯ ಪ್ರತಿ ವರ್ಷಕ್ಕೂ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ತೆರಬೇಕು ಎಂಬ ಹಳೆಯ ನಿಯಮಗಳೇನೋ ಉಳಿದಿವೆ. ಮರುಕೌಶಲ ನಿಧಿಯಿಂದ ಇನ್ನೂ 15 ದಿನಗಳ ವೇತನ ದೊರೆಯುವುದೆಂಬುದು ಸ್ವಾಗತಾರ್ಹವೇ ಸರಿ.

ಆದರೆ ಪೂರ್ವಾನುಮತಿಯೆಂಬುದು ಕಡತದ ಮೇಲಣ ಬರಿಯ ಮೊಹರಾಗಿರಲಿಲ್ಲ. ಕೆಲಸ ಕೈತಪ್ಪುವ ಮೊದಲೇ ಕಾರ್ಮಿಕನು ತನ್ನ ಅಹವಾಲನ್ನು ಹೇಳಿಕೊಳ್ಳುವುದಕ್ಕೆ ಶಾಸನವು ಕಲ್ಪಿಸಿದ್ದ ಅವಕಾಶವದು. ಇನ್ನು 250 ಮಂದಿಯ ಕಾರ್ಖಾನೆಯವನು ಸಂಬಳ ನಿಂತ ಮೇಲೆಯೇ, ಮನೆಬಾಡಿಗೆಯ ಚಿಂತೆಯನ್ನೂ ಮಕ್ಕಳ ಶಾಲಾಶುಲ್ಕದ ಚಿಂತೆಯನ್ನೂ ಹೊತ್ತು, ನ್ಯಾಯಾಧಿಕರಣದ ಮೆಟ್ಟಿಲನ್ನು ಹತ್ತಬೇಕಾಗುತ್ತದೆ. ಇದರೊಡನೆ, ದಿನಾಂಕ ಸಹಿತ ಸಿದ್ಧಪಡಿಸಿದ ರಾಜೀನಾಮೆ ಪತ್ರವನ್ನು ನೌಕರನ ಮುಂದಿರಿಸಿ, ಕುಳಿತಲ್ಲಿಯೇ ರುಜು ಹಾಕೆಂದು ಒತ್ತಾಯಿಸುವ ಅನ್ಯಾಯವನ್ನೂ ನೆನೆಯಬೇಕು: ಸ್ವಇಚ್ಛೆಯ ರಾಜೀನಾಮೆಯು ಕಾನೂನಿನ ದೃಷ್ಟಿಯಲ್ಲಿ ಉದ್ಯೋಗಕಡಿತವೇ ಅಲ್ಲವಾದುದರಿಂದ, ಆ ಒಂದು ರುಜುವಿನಿಂದ ವರ್ಷಾನುವರ್ಷದ ದುಡಿಮೆಯ ಪರಿಹಾರವು ಕೈಬಿಟ್ಟುಹೋಗುತ್ತದೆ. ಕೇಂದ್ರವು 100ರ ಮಿತಿಯನ್ನು ಮರಳಿ ಸ್ಥಾಪಿಸಬೇಕೆಂಬುದು ಈ ಪತ್ರಿಕೆಯ ನಿಶ್ಚಿತ ಅಭಿಪ್ರಾಯ. ಅಲ್ಲಿಯವರೆಗೆ, ಒಂದೇ ಸಂಸ್ಥೆಯಿಂದ ಸಾಮೂಹಿಕವಾಗಿ ಬರುವ ರಾಜೀನಾಮೆಗಳನ್ನು ರಾಜ್ಯದ ಕಾರ್ಮಿಕ ಇಲಾಖೆಯು ದೂರಿಗಾಗಿ ಕಾಯದೆ ತಾನಾಗಿಯೇ ವಿಚಾರಣೆಗೆ ಒಳಪಡಿಸತಕ್ಕದ್ದು. ನೌಕರರೂ ಅಂಥ ಪತ್ರಕ್ಕೆ ಒಡನೆಯೇ ರುಜು ಹಾಕದೆ, ಸಂಘದವರೊಡನೆಯೋ ವಕೀಲರೊಡನೆಯೋ ಸಮಾಲೋಚಿಸಬೇಕೆಂದು ವಿನಂತಿಸುತ್ತೇವೆ.